ನಾನು ಹೇಳದೆ ಉಳಿಸಿದ್ದ ಒಡಪು

ದೇವರನ್ನು ನಂಬುತ್ತೇನೆ. ದೆವ್ವ, ಗಾಳಿ, ಕಾಣದ ದನಿ ಇವನ್ನು ನಂಬಿದವಳಲ್ಲ. ನಲ್ಲಿಯ ಮುಂದೆ ಕೊಡ ಹಿಡಿದು ನಿಂತಾಗ ಹೆಂಗಸರು ಅಂಥ ಕಥೆ ತೆಗೆದರೆ, "ನೀರು ಬರೂದು ತಡಾ ಆತಂದ್ರ ನಿಮಗ ದೆವ್ವ ನೆನಪಾಗ್ತಾವ ನೋಡ್ರಿ" ಎಂದು ನಗುತ್ತಿದ್ದವಳು ನಾನೇ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೆ ಸಿಟ್ಟಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅದರಲ್ಲಿ ನನ್ನ ಹೊಟ್ಟೆಕಿಚ್ಚೂ ಇದೆ. ಅದನ್ನು ಬಿಟ್ಟು ಬರೆದರೆ ಅರ್ಧ ಸುಳ್ಳಾಗುತ್ತದೆ.

ಗೋವೆಯಲ್ಲಿ ಗಣಿಯ ಲಾರಿಗಳು ಇನ್ನೂ ಜೋರಾಗಿ ಓಡುತ್ತಿದ್ದ ಕಾಲ ಅದು. ನಾವು ಝುವಾರಿನಗರದಲ್ಲಿ ತಗಡಿನ ಮಾಡಿನ ಒಂದು ಖೋಲಿಯಲ್ಲಿದ್ದೆವು. ಮಳೆಗಾಲದಲ್ಲಿ ಒಂದೇ ಮೂಲೆ ಸೋರುತ್ತಿತ್ತು, ದೇವರ ಮೂಲೆ ಸೋರುತ್ತಿರಲಿಲ್ಲ. ಅದೇ ದೊಡ್ಡ ಪುಣ್ಯ ಎಂದುಕೊಂಡಿದ್ದೆ. ನಮ್ಮ ಮನೆಯವರು ಗಣಿಗೆ ಹೋಗುತ್ತಿರಲಿಲ್ಲ. ಬಂದರಿನಿಂದ ಕಾರವಾರದ ಕಡೆಗೆ ಸಾಮಾನಿನ ಲಾರಿ ಓಡಿಸುತ್ತಿದ್ದರು. ಲಾರಿಯ ಒಡೆಯ ಗೋವೆಯವರು. ಇಲ್ಲಿಯ ವಾಡಿಕೆಯಂತೆ ಎಲ್ಲರೂ ಅವರನ್ನು ಪಾತ್ರಾಂವ ಎನ್ನುತ್ತಿದ್ದರು. ಅವರಿಗೆ ಮೂರು ಲಾರಿ. ಒಂದನ್ನು ನಮ್ಮವರು, ಇನ್ನೊಂದನ್ನು ನಮ್ಮ ಪಕ್ಕದ ಖೋಲಿಯ ಮಕಬೂಲ್ ಭಾಯಿ ಓಡಿಸುತ್ತಿದ್ದರು. ಮೂರನೆಯದು ಯಾವಾಗ ನೋಡಿದರೂ ಗ್ಯಾರೇಜಿನಲ್ಲಿ.

ಕಾಣಕೋಣಕ್ಕೆ ಇಳಿಯುವ ಘಟ್ಟದಲ್ಲಿ ಆಗ ಮೊಬೈಲು ಹಿಡಿಯುತ್ತಿರಲಿಲ್ಲ. ಒಂದು ಸಲ ಮಕಬೂಲ್ ಭಾಯಿಯ ಲಾರಿ ಘಟ್ಟದ ನಡುವೆ ಕೆಟ್ಟು ನಿಂತಿತು. ಮುಂದೆ ಹೋಗಿದ್ದ ನಮ್ಮವರು ಅದು ಗೊತ್ತೇ ಆಗದೆ ಕಾರವಾರದಲ್ಲಿ ಅರ್ಧ ದಿನ ಕಾದು ಕೂತರು. ಆಮೇಲೆ ಪಾತ್ರಾಂವ ಮೂರೂ ಲಾರಿಗೆ ಮಾತಾಡುವ ರೇಡಿಯೋ ಹಾಕಿಸಿಬಿಡಿ ಎಂದರು. ಸಿಬಿ ರೇಡಿಯೋ ಎನ್ನುತ್ತಾರೆ. ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಅದಕ್ಕೆ ಲೈಸೆನ್ಸು ಬೇಡ.

ಆರಿಸುವ ಕೆಲಸ ನಮ್ಮವರ ಪಾಲಿಗೆ ಬಂತು. ನನ್ನನ್ನು ನೋಡಲು ಬಂದಾಗ ಒಂದು ಕಪ್ ಚಹಾ ಕುಡಿದು ಅರ್ಧ ಗಂಟೆಯಲ್ಲಿ ಹೂಂ ಎಂದು ಎದ್ದವರು, ಈ ಡಬ್ಬಿಯನ್ನು ಆರಿಸಲು ಮೂರು ಸಲ ಫೋಂಡಾಕ್ಕೆ ಹೋದರು. ಬಂದು ಕೈಕಾಲು ತೊಳೆಯುವ ಮೊದಲೇ ಅದರ ವರ್ಣನೆ. ಒಂದಕ್ಕೆ ದೀಪ ಬಹಳ, ಕತ್ತಲೆಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಇನ್ನೊಂದು ಕೈಯಲ್ಲಿ ಹಿಡಿಯುವಂಥದ್ದು, ಅದರ ದನಿ ಒಂದು ತಿರುವು ದಾಟುವುದಿಲ್ಲ. ಮೂರನೆಯದು ಕರ್ರಗೆ, ಸಾದಾ, ದಪ್ಪ ಗುಂಡಿಯದು.

"ಅದನ್ನ ತಗೊಂಡ್ವಿ. ಕಣ್ಣು ಹಾದಿ ಮ್ಯಾಲ ಇರಬೇಕು, ಕೈಗೆ ಗುಂಡಿ ತಾನ ಸಿಗಬೇಕು" ಎಂದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನನ್ನೆದುರು ಅಷ್ಟು ಮಾತಾಡಿದ್ದು ನಾನು ಕಂಡಿರಲಿಲ್ಲ. ಅಂಗಡಿಯವನು ಇನ್ನೊಂದು ಮಾತು ಹೇಳಿದ್ದನಂತೆ: ಇದರ ದನಿ ನಾಲ್ಕೈದು ಮೈಲು ಮಾತ್ರ ಹೋಗುತ್ತದೆ, ಆದರೆ ಒಮ್ಮೊಮ್ಮೆ ಆಕಾಶವೇ ಅದನ್ನು ಎತ್ತಿ ಎಲ್ಲೋ ದೂರಕ್ಕೆ ಒಗೆಯುತ್ತದೆ. ಈ ಮಾತನ್ನು ನೆನಪಿಡಿ.

ಕೂರಿಸಲು ಎರಡು ಭಾನುವಾರ ಹಿಡಿಯಿತು. ಲಾರಿಯ ಎರಡು ಬ್ಯಾಟರಿ ಸೇರಿದರೆ ಶಕ್ತಿ ಹೆಚ್ಚಂತೆ, ರೇಡಿಯೋಗೆ ಅದರ ಅರ್ಧ ಸಾಕಂತೆ, ನೇರ ಕೊಟ್ಟರೆ ಸುಟ್ಟೇ ಹೋಗುತ್ತದಂತೆ. ಅದಕ್ಕೆ ನಡುವೆ ಶಕ್ತಿ ಇಳಿಸುವ ಒಂದು ಪೆಟ್ಟಿಗೆ, ಒಂದು ಫ್ಯೂಸು. ಅಂಟೆನಾದ ಕೋಲನ್ನು ಮೊದಲು ಹಿಂದಿನ ಕಟ್ಟಿಗೆಯ ಬಾಡಿಗೆ ಬಿಗಿದರು. ಬರೀ ಸುಯ್ ಎನ್ನುವ ಸದ್ದು. ಅದರ ಕೆಳಗೆ ಕಬ್ಬಿಣ ಬೇಕು ಎಂದು ಆಮೇಲೆ ತಿಳಿಯಿತು. ಬಿಚ್ಚಿ, ಕನ್ನಡಿಯ ಹತ್ತಿರದ ಕಬ್ಬಿಣದ ಬಣ್ಣವನ್ನು ನನ್ನ ಈಳಿಗೆಯಿಂದ ಕೆರೆದು, ಬೆಳ್ಳಗೆ ಹೊಳೆಯುವಂತೆ ಮಾಡಿ ಅಲ್ಲಿ ಬಿಗಿದರು. ಆಮೇಲೆ ಅಂಗಡಿಯಿಂದ ತಂದ ಮೀಟರು. ಗುಂಡಿ ಒತ್ತಿದಾಗ ಮುಳ್ಳು ಕೆಂಪಿಗೆ ಹೋದರೆ ದನಿ ಹೊರಗೆ ಹೋಗದೆ ತಿರುಗಿ ಒಳಗೇ ಬರುತ್ತಿದೆ ಎಂದರ್ಥ. ಕೋಲನ್ನು ಕೂದಲೆಳೆಯಷ್ಟು ಇಳಿಸುವುದು, ಒತ್ತಿ ನೋಡುವುದು, ಮತ್ತೆ ಇಳಿಸುವುದು. ಮುಳ್ಳು ಕೆಂಪು ಬಿಟ್ಟು ಕೆಳಗೆ ನಿಂತಾಗ ಅವರೂ ಮಕಬೂಲ್ ಭಾಯಿಯೂ ತಬ್ಬಿಕೊಂಡರು. ನಾನು ಚಹಾ ಹಿಡಿದು ನಿಂತಿದ್ದೆ. ಅದು ಆರಿತು.

ಮಕಬೂಲ್ ಭಾಯಿಯ ಹೆಂಡತಿ ಜೈತುನ್‌ಬಿ ಬಾಗಿಲಲ್ಲಿ ನಿಂತು, "ಅಕ್ಕಾ, ನಮ್ಮಿಬ್ಬರಿಗೂ ಒಬ್ಬಾಕಿ ಸವತಿ ಬಂದ್ಲು ನೋಡ್ರಿ. ಅಡಗಿ ಮಾಡಾಕಿಲ್ಲ, ಬರೇ ಬಾಯಿ" ಎಂದಳು. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಇಳಕಲ್ ಸೀರೆಯ ಮೆತ್ತನೆಯ ತುಂಡಿನಿಂದ ಅವರು ಆ ಗುಂಡಿಗಳನ್ನು ಒರೆಸುವುದನ್ನು ನೋಡುತ್ತಿದ್ದೆ. ಪೂಜೆಗೆ ನನ್ನನ್ನೇ ಕರೆದರು. ಕುಂಕುಮ ಹಚ್ಚಿದೆ, ನಿಂಬೆಕಾಯಿ ಇಳಿಸಿದೆ, ಆರತಿ ಬೆಳಗಿದೆ. ಎಲ್ಲಮ್ಮ ತಾಯಿ ಬಲ್ಲಳು, ಕೈ ಆರತಿ ಎತ್ತುತ್ತಿತ್ತು, ಮನಸ್ಸು ಎತ್ತಿರಲಿಲ್ಲ.

ಮೂರನೆಯ ಲಾರಿ ಗ್ಯಾರೇಜಿನಲ್ಲಿದ್ದ ಕಾರಣ ಮೂರನೆಯ ರೇಡಿಯೋ ನಮ್ಮ ಖೋಲಿಯಲ್ಲೇ ಉಳಿಯಿತು. ಅವರು ಅದನ್ನು ಗೋಡೆಯ ಗೂಡಿನ ಪರದೆಯ ಹಿಂದೆ ಇಟ್ಟು, ಒಂದು ಹಳೆಯ ಬ್ಯಾಟರಿಗೆ ಜೋಡಿಸಿ, ಕೋಲನ್ನು ತಗಡಿನ ಮೇಲೆ ನಿಲ್ಲಿಸಿದರು.

"ಬೇಸರಾದ್ರ ಮಾತಾಡು. ಮೊದಲ ನನ್ನ ಹೆಸರು ಹೇಳಬೇಕು. ಇಲ್ಲಂದ್ರ ಯಾರಿಗೆ ಕರದಿ ಅಂತ ಹೆಂಗ ಗೊತ್ತಾಗಬೇಕು?"

"ಹೆಸರು ಹೇಳಲೇನ್ರಿ? ನಾನು?"

"ಹಂಗಾರ ಒಡಪು ಹಾಕು" ಎಂದು ನಕ್ಕರು. ನಕ್ಕರೂ ಕಣ್ಣು ನನ್ನ ಮೇಲೆಯೇ ಇತ್ತು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಲೇಬೇಕಾದಾಗ ಎರಡು ಸಾಲಿನ ಪ್ರಾಸ ಕಟ್ಟಿ ಅದರೊಳಗೆ ಹೆಸರನ್ನು ಇಟ್ಟು ಹೇಳುತ್ತಾಳೆ. ಅದೇ ಒಡಪು. ನನ್ನ ಮದುವೆಯಲ್ಲಿ ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲಲ್ಲಿ ನಿಲ್ಲಿಸಿ ಒಡಪು ಕೇಳಿದರು. ಕಲಿತಿದ್ದೆಲ್ಲ ಮರೆತುಹೋಯಿತು. ಎಲ್ಲರೂ ಕಾಯುತ್ತಿದ್ದರು, ನನ್ನ ನಾಲಿಗೆ ಏಳಲಿಲ್ಲ. ಕಡೆಗೆ ನಾದಿನಿ ತಾನೇ ಒಂದು ಹೇಳಿ ನನ್ನನ್ನು ಒಳಗೆ ಎಳೆದುಕೊಂಡಳು. ಹೆಂಗಸರು ನಕ್ಕರು. ನಮ್ಮವರೂ ನಕ್ಕರು, ಆದರೆ ಅವರ ಮುಖ ಸಣ್ಣದಾದದ್ದನ್ನು ನಾನು ನೋಡಿದೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅದನ್ನು ಎತ್ತಿ ಆಡಿಲ್ಲ.

ಆಮೇಲೆ ನಾನೇ ಒಂದು ಒಡಪು ಕಟ್ಟಿದ್ದೆ. ರೊಟ್ಟಿ ಬಡಿಯುತ್ತ ಕಟ್ಟಿದ್ದು, ಅದು ರೊಟ್ಟಿಯಿಂದಲೇ ಶುರುವಾಗುತ್ತದೆ. ವರ್ಷಗಟ್ಟಲೆ ದೀಪ ಹಚ್ಚುವಾಗ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೆ. ತುಟಿ ಕೂಡ ಅಲುಗಿಸಿಲ್ಲ. ಯಾವತ್ತಾದರೂ ಅವರಿಗೆ ಹೇಳಬೇಕು ಎಂದು ಉಳಿಸಿಕೊಂಡಿದ್ದೆ. ಆದರೆ ದಾರಿಯ ಲಾರಿಯವರೆಲ್ಲ ಕೇಳುವ ಪೆಟ್ಟಿಗೆಯಲ್ಲಿಯೇ? "ನನಗ ಆಗೂದಿಲ್ಲರಿ" ಎಂದುಬಿಟ್ಟೆ.

ಅವರು ಹೋದ ಮೇಲೆ ಆ ಪೆಟ್ಟಿಗೆ ಪರದೆಯ ಹಿಂದೆ ದಿನವಿಡೀ ಸುಯ್ ಎನ್ನುತ್ತಿತ್ತು. ಜಪಕ್ಕೆ ಕೂತರೆ ಸುಯ್, ಅಡಿಗೆಗೆ ನಿಂತರೆ ಸುಯ್. ಅದೇ ವಾರ ಬ್ಯಾಟರಿಯಿಂದ ವಯರು ಕಿತ್ತು, ಹಳೆಯ ಸೀರೆಯಲ್ಲಿ ಅದನ್ನು ಸುತ್ತಿ ಹಿಂದಕ್ಕೆ ತಳ್ಳಿದೆ. ಅವರಿಗೆ ಹೇಳಲಿಲ್ಲ. ಅದು ನನ್ನ ತಪ್ಪು.

ಆಮೇಲಿನ ಎರಡು ತಿಂಗಳು ಅವರು ಬೇರೆ ಮನುಷ್ಯರೇ ಆದರು. ದಣಿದು ಬಂದರೂ ಮುಖದಲ್ಲಿ ಬೆಳಕು. ಒಬ್ಬರೇ ಕೂತು ನಗುವುದು. ನಾನು ಒಲೆಯ ಮುಂದಿದ್ದರೆ ಬಾಗಿಲಲ್ಲಿ ನಿಂತು, "ರೊಟ್ಟಿ ಉಬ್ಬಿತೇನು?" ಎನ್ನುವುದು. ರೊಟ್ಟಿ ದಿನಾ ಉಬ್ಬುತ್ತದೆ, ಇವರು ಎಂದೂ ಕೇಳಿದವರಲ್ಲ. ನಾನು ಒಂದು ಒಳ್ಳೆಯದಾಯಿತು ಎಂದುಕೊಂಡೆ, ಗಂಡ ನಗುವುದೂ ಒಂದು ಪುಣ್ಯವೇ ಎಂದು ದೇವರಿಗೆ ಒಂದು ಹೂವು ಹೆಚ್ಚು ಏರಿಸಿದೆ.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಜೈತುನ್‌ಬಿ ನನ್ನ ಕೊಡವನ್ನು ತಾನೇ ಎತ್ತಿಕೊಟ್ಟಳು. ಅವಳು ಕೊಡ ಎತ್ತಿಕೊಟ್ಟರೆ ಏನೋ ಇದೆ ಎಂದೇ ಅರ್ಥ.

"ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಘಟ್ಟದಾಗ ನಿಮ್ಮವ್ರ ಹೆಸರ ಹಿಡದು ಒಬ್ಬಾಕಿ ಹೆಣ್ಮಗಳು ರೇಡಿಯೋದಾಗ ಮಾತಾಡ್ತಾಳಂತ್ರಿ. ನಮ್ಮವರಿಗೆ ಹೆಸರೊಂದು ಕೇಳಸ್ತೈತಿ, ಉಳದದ್ದು ತಿಳಿಯೂದಿಲ್ಲಂತ. ಯಾರಪಾ ಅಂತ ನಿಮ್ಮವರನ್ನ ಕೇಳಿದ್ರ ಬರೇ ನಗತಾರಂತ."

"ಹೆಸರು ಹಿಡದು?"

"ಹೂನ್ರಿ. ಹೆಸರು ಹಿಡದ."

ಆ ದಿನ ನಾನು ಹೇಗೆ ಮನೆಗೆ ಬಂದೆನೋ. ನಾನು ಹನ್ನೊಂದು ವರ್ಷ ನಾಲಿಗೆಯ ಮೇಲೆ ಇಡದ ಹೆಸರನ್ನು ಯಾವಳೋ ಒಬ್ಬಳು ದಾರಿಯಲ್ಲಿ ನಿಂತು ಕೂಗುತ್ತಾಳೆ. ಇವರು ನಗುತ್ತಾರೆ! ಕಾಣಕೋಣದ ಚಹಾದಂಗಡಿಯವಳೇ? ಕಾರವಾರದವಳೇ? ಅವರ ಅಂಗಿ ಮೂಸಿ ನೋಡಿದೆ. ಡೀಸೆಲ್ಲಿನ ವಾಸನೆ ಬಿಟ್ಟರೆ ಏನೂ ಇಲ್ಲ. ಹೆಂಚಿನ ಮೇಲೆ ರೊಟ್ಟಿ ಸೀದವು. ದೇವರ ಮುಂದೆ ಕೂತರೆ ದೇವರ ಮುಖ ಕಾಣಲಿಲ್ಲ, ಕಾಣದ ಆ ಹೆಂಗಸಿನ ಮುಖವೇ ಕಾಣುತ್ತಿತ್ತು. ಆಕೆಗೆ ನನಗಿಂತ ಉದ್ದ ಜಡೆ ಇಟ್ಟಿದ್ದೆ ನಾನು.

ಸಂಜೆ ಕೇಳಿಯೇಬಿಟ್ಟೆ. "ರೇಡಿಯೋದಾಗ ಮಾತಾಡಾಕಿ ಯಾರ್ರಿ ಅಕಿ?"

ಅವರು ತಾಟಿನಿಂದ ಮುಖ ಎತ್ತಿ ಬಹಳ ಮೆತ್ತಗೆ ನಕ್ಕರು. "ಗೊತ್ತಿಲ್ಲದಂಗ ಕೇಳ್ತಿ ನೋಡು."

ಇಷ್ಟು ನಾಚಿಕೆಗೆಟ್ಟರೇ ಎಂದುಕೊಂಡೆ. ಕಾರವಾರದಲ್ಲಿ ನನ್ನ ಅಕ್ಕನಿದ್ದಾಳೆ, ನೋಡಿ ಬರುತ್ತೇನೆ, ನಾಳೆ ನಿಮ್ಮ ಲಾರಿಯಲ್ಲೇ ಕರೆದುಕೊಂಡು ಹೋಗಿ ಎಂದೆ. ಒಂದು ಚೀಲದಲ್ಲಿ ನಾಲ್ಕು ಸೀರೆ ಜಾಸ್ತಿ ಹಾಕಿಕೊಂಡೆ. ಆಕೆಯ ದನಿಯನ್ನು ನನ್ನ ಕಿವಿಯಿಂದ ಕೇಳಿದರೆ ನಾನು ಅಕ್ಕನ ಮನೆಯಿಂದ ತಿರುಗಿ ಬರುವವಳಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

ಮರುದಿನ ಮಕಬೂಲ್ ಭಾಯಿಯ ಲಾರಿ ಮುಂದೆ, ನಮ್ಮದು ಹಿಂದೆ. ಮಡಗಾಂವ ದಾಟುವವರೆಗೂ ರೇಡಿಯೋದಲ್ಲಿ ಅವರಿಬ್ಬರದೇ ಮಾತು. "ಮುಂದ ಬಸ್ ನಿಂತೈತಿ, ಸಾವಕಾಶ ಬಾ." "ಇವತ್ತ ವೈನಿ ಅದಾರ, ಬೈಗುಳ ಬಂದ್ ಮಾಡಪಾ." ಮಕಬೂಲ್ ಭಾಯಿ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ನಾನು ನಗಲಿಲ್ಲ. ಕರ್ರಗಿನ ಆ ಪೆಟ್ಟಿಗೆಯನ್ನೇ ನೋಡುತ್ತ ಕೂತಿದ್ದೆ. ಆರತಿಯ ದಿನ ನಾನೇ ಹಚ್ಚಿದ ಕುಂಕುಮ ಅದರ ಮೂಲೆಯಲ್ಲಿ ಇನ್ನೂ ಇತ್ತು.

ಘಟ್ಟ ಹತ್ತುವಾಗ ಹೊತ್ತು ನೆತ್ತಿಗೆ ಬಂದಿತ್ತು. ಹಗಲು, ಸುಡುಬಿಸಿಲು. ಕತ್ತಲೆಯಲ್ಲಿ ಏನೋ ಕಂಡಳು ಎಂದು ಯಾರೂ ಅನ್ನುವಂತಿಲ್ಲ. ಇಳಿಜಾರು ಶುರುವಾದ ಮೇಲೆ ಒಂದು ದೊಡ್ಡ ತಿರುವಿನಲ್ಲಿ ಅವರು ಬೇಕೆಂತಲೇ ಲಾರಿಯನ್ನು ನಿಧಾನ ಮಾಡಿದರು. ರೇಡಿಯೋದ ಸಣ್ಣ ಕೆಂಪು ದೀಪ ಹತ್ತಿತು. ಸುಯ್ ಎನ್ನುವುದು ನಿಂತಿತು. ಒಂದು ಹೆಣ್ಣುದನಿ, ಪಕ್ಕದಲ್ಲಿ ಕೂತು ಹೇಳಿದಷ್ಟು ಸ್ಪಷ್ಟವಾಗಿ ಹೇಳಿತು:

"ಹಂಚಿನ ಮ್ಯಾಲ ಉಬ್ಬಿ ನಿಂತೈತಿ ಬಿಳಿಜ್ವಾಳದ ರೊಟ್ಟಿ,
ಘಟ್ಟ ಇಳದು ಈರಣ್ಣ ಬರೂತನಕ ಸೆರಗಿನಾಗ ಜೀವ ಇಟ್ಟೇನಿ ಕಟ್ಟಿ."

ಹೆಸರು ಬರೆದೆ. ಒಡಪಿನೊಳಗೆ ಇರುವುದರಿಂದ ದೋಷವಿಲ್ಲ. ಅದು ನನ್ನ ಒಡಪು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

ಅವರ ಮುಖದಲ್ಲಿ ನಗು ಅರಳಿತು. ಕೈ ತಾನಾಗಿ ಹೋಗಿ ಮೈಕಿನ ಗುಂಡಿಯನ್ನು ಎರಡು ಸಲ ಒತ್ತಿತು, ಟಕ್ ಟಕ್. ಕೇಳಿಸಿತು ಎಂದು ಹೇಳುವ ರೂಢಿ ಅದು. ಎರಡು ತಿಂಗಳ ರೂಢಿ. ಆಮೇಲೆ ಅವರಿಗೆ ನಾನು ಪಕ್ಕದಲ್ಲಿರುವುದು ನೆನಪಾಯಿತು. ನನ್ನ ಮುಖ ನೋಡಿದರು. ನನ್ನ ಬಾಯಿ ಮುಚ್ಚಿತ್ತು. ಲಾರಿಯನ್ನು ಬದಿಗೆ ತಂದು ನಿಲ್ಲಿಸಿದರು.

"ನೀ ಅಲ್ಲೇನ ಅಕಿ?"

"ನಾನಲ್ಲರಿ. ನಾ ಮೊದಲನೇ ವಾರದಾಗ ವಯರ್ ಕಿತ್ತೇನಿ. ಹೇಳಲಿಲ್ಲ, ತಪ್ಪಾತು."

"ದಿನಾ ನೀನ ಹೇಳತಿ ಅಂತ ತಿಳಕೊಂಡಿದ್ನಿ. ಮಾತಾಡಿಸಿದ್ರ ನಾಚಿಕೊಂಡು ಬಿಟ್ಟಬಿಡ್ತಿ ಅಂತ ಸುಮ್ಮನಿದ್ನಿ. ಅಂಗಡಿಯವ ಅಂದಿದ್ನಲ್ಲ, ಆಕಾಶ ದನಿ ಒಗಿತೈತಿ ಅಂತ..." ಅವರ ಮುಖ ಸಣ್ಣದಾಯಿತು. ಹೊಸ್ತಿಲಲ್ಲಿ ನಾನು ಕಂಡಿದ್ದ ಅದೇ ಮುಖ.

ನನಗೆ ಹೆದರಿಕೆಯಾಗಲಿಲ್ಲವೇ ಎಂದು ನೀವು ಕೇಳಬಹುದು. ಆಯಿತು, ಆಮೇಲೆ. ಆ ಗಳಿಗೆಯಲ್ಲಿ ಆದದ್ದು ಹೊಟ್ಟೆಕಿಚ್ಚು. ನಾನು ಕೂಡಿಟ್ಟದ್ದನ್ನು ಇವಳು ತೆಗೆದು ಕೊಟ್ಟುಬಿಟ್ಟಳು. ಎರಡು ತಿಂಗಳ ಅವರ ನಗುವೆಲ್ಲ ನನ್ನ ಮಾತಿಗೇ ಬಂದದ್ದು, ಆದರೆ ಅದನ್ನು ಉಂಡವಳು ಇವಳು. ದನಿ ಬೇರೆ ಎಷ್ಟು ಇಂಪು! ನನ್ನ ದನಿ ಹಾಗಿಲ್ಲ. ನಾನು ಹಾಗೆಂದಾಗ ಅವರು ತಲೆ ಅಲ್ಲಾಡಿಸಿದರು. "ನಿನ್ನ ದನಿನ ಅದು. ನಿನಗ ನಿನ್ನ ದನಿ ಹೆಂಗ ಗೊತ್ತಾಗಬೇಕು?"

ನಾನು ಮೈಕನ್ನು ಕೊಕ್ಕೆಯಿಂದ ತೆಗೆದುಕೊಂಡೆ. ಅದು ಅವರ ಕೈಯ ಬಿಸಿಯಿಂದ ಇನ್ನೂ ಬೆಚ್ಚಗಿತ್ತು. ಗುಂಡಿ ಒತ್ತಿದೆ. ಹೊಸ್ತಿಲಲ್ಲಿ ಆದ ಹಾಗೆ ನಾಲಿಗೆ ಮತ್ತೆ ಕಟ್ಟಿಕೊಂಡಿತು. ಎಲ್ಲಮ್ಮನನ್ನು ನೆನೆದೆ. ದಾರಿಯ ಲಾರಿಯವರೆಲ್ಲ ಕೇಳಲಿ ಎಂದುಕೊಂಡೆ, ಕಣ್ಣು ಮುಚ್ಚಿ ಎರಡೂ ಸಾಲು ಹೇಳಿದೆ. ಗುಂಡಿ ಬಿಟ್ಟೆ.

ಸ್ವಲ್ಪ ಹೊತ್ತು ಸುಯ್ ಎಂದಿತು. ಆಮೇಲೆ ಕೆಳಗಿನ ತಿರುವಿನಿಂದ ಮಕಬೂಲ್ ಭಾಯಿಯ ದನಿ ಬಂತು.

"ವಾಹ್ ವೈನಿ! ಇವತ್ತ ಪೂರಾ ಕೇಳಸ್ತು ನೋಡ್ರಿ. ದಿನಾ ಮಾತಾಡಾಕಿ ನೀವ ಏನ್ರಿ? ನಾವು ಸುಮ್ಮನ ಯಾವಳೋ ಅಂತಿದ್ವಿ. ಆದ್ರ ಎರಡೆರಡು ಸರ್ತಿ ಯಾಕ್ರಿ ಹೇಳಿದ್ರಿ?"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ಸಲ ಅವರು ಟಕ್ ಟಕ್ ಒತ್ತಲಿಲ್ಲ. ಕಾರವಾರದಲ್ಲಿ ಅಕ್ಕನ ಮನೆಯಲ್ಲಿ ಒಂದು ಲೋಟ ನೀರು ಕುಡಿದು, ಚೀಲ ಬಿಚ್ಚದೆ ಅದೇ ಲಾರಿಯಲ್ಲಿ ಮನೆಗೆ ಬಂದೆ.

ಬಂದೊಡನೆ ಅವರು ಗೂಡಿನ ಪರದೆ ಸರಿಸಿದರು. ರೇಡಿಯೋ ನಾನು ಸುತ್ತಿಟ್ಟ ಸೀರೆಯಲ್ಲೇ ಇತ್ತು, ಮೇಲೆ ಜೇಡರ ಬಲೆ ಕಟ್ಟಿತ್ತು. ವಯರು ನೆಲದ ಮೇಲೆ ಬಿದ್ದಿತ್ತು. ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಪುಡಿ ಬೆಳೆದಿತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು. ನಾನು ದೇವರಿಗೆ ದೀಪ ಹಚ್ಚಿದೆ. ಆವತ್ತು ಮನಸ್ಸಿನಲ್ಲಿ ಒಡಪು ಹೇಳಿಕೊಳ್ಳಲು ಧೈರ್ಯ ಬರಲಿಲ್ಲ.

ಆ ದನಿ ಮತ್ತೆ ಬರಲಿಲ್ಲ. ಅವರು ಆ ತಿರುವಿನಲ್ಲಿ ಎಷ್ಟೋ ದಿನ ನಿಧಾನ ಮಾಡುತ್ತಿದ್ದರು ಎಂದು ಮಕಬೂಲ್ ಭಾಯಿ ಆಮೇಲೆ ಹೇಳಿದ್ದರು. ಫೋಂಡಾದ ಅಂಗಡಿಯವನು, ಯಾವುದೋ ಊರಿನ ಯಾರದೋ ದನಿ ಆಕಾಶಕ್ಕೆ ತಾಗಿ ಬಂದಿರಬೇಕು ಎಂದನಂತೆ. ಇರಬಹುದು. ಹೆಸರು ಈರಣ್ಣ ಎನ್ನುವವರು ಸಾವಿರ ಇದ್ದಾರೆ. ನಾನು ನಿದ್ದೆಯಲ್ಲಿ ಬಡಬಡಿಸಿದ್ದನ್ನು ಯಾರೋ ಕೇಳಿ ಕಲಿತಿರಬೇಕು ಎನ್ನುತ್ತಾಳೆ ಜೈತುನ್‌ಬಿ. ಅದೂ ಇರಬಹುದು. ಕಲಿತವರು ಯಾರು, ಕಲಿತು ಆ ಘಟ್ಟದ ಯಾವ ಮರದ ಕೆಳಗೆ ಮೈಕು ಹಿಡಿದು ಕೂತಿದ್ದರು, ಯಾಕೆ ಕೂತಿದ್ದರು, ಇದಕ್ಕೆ ಯಾರ ಬಳಿಯೂ ಮಾತಿಲ್ಲ.

ಪಾತ್ರಾಂವ ಲಾರಿಗಳನ್ನು ಮಾರಿ ವರ್ಷಗಳಾದವು. ಈಗ ಘಟ್ಟದಲ್ಲಿ ಮೊಬೈಲು ಹಿಡಿಯುತ್ತದೆ. ನಮ್ಮವರ ಕಣ್ಣು ಸ್ವಲ್ಪ ಮಂಜಾಗಿದೆ, ಲಾರಿ ಬಿಟ್ಟು ಗೋದಾಮಿನಲ್ಲಿ ಕೂರುವ ಕೆಲಸ ಸಿಕ್ಕಿದೆ, ದೇವರು ದೊಡ್ಡವನು. ಹಬ್ಬದ ದಿನ ಊಟವಾದ ಮೇಲೆ ಅವರು ಒಮ್ಮೊಮ್ಮೆ, "ಒಂದು ಒಡಪು ಹಾಕು" ಎನ್ನುತ್ತಾರೆ. ನಾನು ಹೇಳುತ್ತೇನೆ, ಈಗ ನಾಲಿಗೆ ತಡವರಿಸುವುದಿಲ್ಲ. ಕೇಳುವಾಗ ಅವರು ಕಣ್ಣು ಮುಚ್ಚುತ್ತಾರೆ. ಮುಗಿದ ಮೇಲೆ ಅವರ ಹೆಬ್ಬೆರಳು ತೊಡೆಯ ಮೇಲೆ ಎರಡು ಸಲ ಬಡಿಯುತ್ತದೆ, ಟಕ್ ಟಕ್. ಅದು ನನಗೋ ಅವಳಿಗೋ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ.